ಕಂಪ್ಯೂಟರ್ ಲೀಗಿನ ಡಿಫೆಂಡರ್ ಪರ ವಕಾಲತ್ತು

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ಕಾಲೇಜಿನಲ್ಲಿ ಒಟ್ಟಿಗೆ ಓದಿದ ನಾವು 12 ಮಂದಿ ಗೆಳೆಯರು ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಕಂಪ್ಯೂಟರ್ ಆಟದಲ್ಲಿ (ತಂಡ ನಡೆಸುವವರು ನಾವು, ಪಂದ್ಯ ಆಡಿಸುವುದು ಕಂಪ್ಯೂಟರ್) ಒಂದು ಲೀಗ್ ನಡೆಸುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ತಂಡ, ಪ್ರತಿ ತಂಡಕ್ಕೆ 22 ಪಂದ್ಯ. ಈಗ ಋತು ಮುಗಿದಿದೆ. ವರ್ಷದ ಆಟಗಾರ ಪ್ರಶಸ್ತಿಗೆ ತಮ್ಮ ಆಯ್ಕೆಯನ್ನು ಸಮರ್ಥಿಸಿ ಪ್ರತಿಯೊಬ್ಬರೂ ಒಂದು ಪುಟ ಬರೆಯಬೇಕು, ಅನಂತರ ಮತದಾನ. ನನ್ನ ತಂಡದ ಸೆಂಟರ್ ಬ್ಯಾಕ್‌ಗೆ, ಅಂದರೆ ಗೋಲಿನ ಮುಂದೆ ಮಧ್ಯದಲ್ಲಿ ನಿಂತು ತಡೆಯುವ ಡಿಫೆಂಡರ್‌ಗೆ, ಪ್ರಶಸ್ತಿ ಸಿಗಬೇಕೆಂಬುದು ನನ್ನ ಆಸೆ. ಆತ ಆಡಿದ 18 ಪಂದ್ಯಗಳಲ್ಲಿ ನಾವು ಬಿಟ್ಟುಕೊಟ್ಟದ್ದು 7 ಗೋಲು. ಗಾಯಗೊಂಡು ಹೊರಗಿದ್ದ 4 ಪಂದ್ಯಗಳಲ್ಲಿ 8 ಗೋಲು. ನಾವು ಎರಡನೇ ಸ್ಥಾನ ಪಡೆದೆವು. ಆದರೆ ಎಲ್ಲರ ಕಣ್ಣು ನಾಲ್ಕನೇ ಸ್ಥಾನದ ತಂಡದ ಸ್ಟ್ರೈಕರ್ ಮೇಲಿದೆ, ಏಕೆಂದರೆ ಆತ 21 ಗೋಲು ಹೊಡೆದಿದ್ದಾನೆ. ಅದರಲ್ಲಿ 5 ಪೆನಾಲ್ಟಿ. ಉಳಿದ 16ರಲ್ಲಿ 7 ಗೋಲು ಕೊನೆಯ ಸ್ಥಾನದ ತಂಡದ ವಿರುದ್ಧ ಬಂದವು. ಆ ಪುಟವನ್ನು ಹೇಗೆ ಬರೆಯಲಿ? ಅಂದ ಹಾಗೆ, ನನ್ನ ಡಿಫೆಂಡರ್ ಆಡಿದ ಮೊದಲ ಸುತ್ತಿನ ಪಂದ್ಯದಲ್ಲಿ ಆ ಸ್ಟ್ರೈಕರ್ ನಮ್ಮ ವಿರುದ್ಧ ಗೋಲು ಹೊಡೆಯಲಿಲ್ಲ; ಡಿಫೆಂಡರ್ ಇಲ್ಲದ ಎರಡನೇ ಸುತ್ತಿನ ಪಂದ್ಯದಲ್ಲಿ 3 ಹೊಡೆದ. ಚಾಂಪಿಯನ್ನರೂ ನಮಗೆ 3 ಗೋಲು ಹೊಡೆದದ್ದು ನನ್ನ ಡಿಫೆಂಡರ್ ಇಲ್ಲದಾಗಲೇ.
— ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದ ಅತ್ಯುತ್ತಮ ಸಾಕ್ಷ್ಯ ‘ಅಂದ ಹಾಗೆ’ ಎಂಬ ಮಾತಿನ ಹಿಂದೆ ಅಡಗಿ ಕುಳಿತಿದೆ. ಪುಟವನ್ನು ಅಲ್ಲಿಂದಲೇ ಆರಂಭಿಸಿ. “ಈ ಋತುವಿನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಆಟಗಾರ ನಮ್ಮ ವಿರುದ್ಧ ಎರಡು ಪಂದ್ಯ ಆಡಿದ, ನಮ್ಮ ಸೆಂಟರ್ ಬ್ಯಾಕ್ ಇದ್ದ ಪಂದ್ಯದಲ್ಲಿ ಆತನ ಗೋಲು ಸೊನ್ನೆ, ಇಲ್ಲದ ಪಂದ್ಯದಲ್ಲಿ ಮೂರು” ಎಂದು ಬರೆದರೆ, ಆ ಸ್ಟ್ರೈಕರ್‌ಗೆ ಮತ ಹಾಕಲು ಹೊರಟವನೂ ಎರಡನೇ ಸಾಲನ್ನು ಓದುತ್ತಾನೆ. ಎರಡೇ ಪಂದ್ಯದಿಂದ ಏನೂ ಸಿದ್ಧವಾಗುವುದಿಲ್ಲ ಎಂಬುದು ನಿಜ. ಆದರೆ ಓದುಗನ ಕಣ್ಣ ಮುಂದೆ ಒಂದು ಚಿತ್ರ ನಿಲ್ಲುತ್ತದೆ, ಮತ್ತು ನಿಮ್ಮ ಲೀಗಿನಲ್ಲಿ ಇಲ್ಲದ್ದು ಅದೇ.

ನಿಜವಾದ ಮೈದಾನದ ಪ್ರಶಸ್ತಿಗೆ ಮತ ಹಾಕುವವರು ಪಂದ್ಯಗಳನ್ನು ನೋಡಿರುತ್ತಾರೆ. ಯಾರದೋ ಒಂದು ಟ್ಯಾಕಲ್, ಕೊನೆಯ ನಿಮಿಷದಲ್ಲಿ ಗೋಲು ಗೆರೆಯಿಂದ ಹೊರಗೊದ್ದ ಒಂದು ಚೆಂಡು ಅವರ ನೆನಪಿನಲ್ಲಿ ಉಳಿದಿರುತ್ತದೆ. ನಿಮ್ಮ 12 ಮಂದಿಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಪಂದ್ಯವನ್ನಷ್ಟೇ ಗಮನಿಸಿದ್ದಾರೆ. ಉಳಿದವರ ವಿಷಯದಲ್ಲಿ ಅವರ ಬಳಿ ಇರುವುದು ಅಂಕಪಟ್ಟಿ ಮತ್ತು ಗೋಲು ಹೊಡೆದವರ ಪಟ್ಟಿ ಮಾತ್ರ. ಗೋಲು ಹೊಡೆದವನ ಹೆಸರು ಪಟ್ಟಿಯಲ್ಲಿ ತಾನೇ ಬಂದು ನಿಲ್ಲುತ್ತದೆ. ಗೋಲು ಆಗದಂತೆ ನೋಡಿಕೊಂಡವನಿಗೆ ಯಾವ ಪಟ್ಟಿಯೂ ಇಲ್ಲ. ಅವನ ಪರವಾಗಿ ಯಾರಾದರೂ ವಕಾಲತ್ತು ವಹಿಸಲೇಬೇಕು.

ಇನ್ನು ನಿಮ್ಮ ಮುಖ್ಯ ಲೆಕ್ಕ. ಆತ ಇದ್ದಾಗ ಪಂದ್ಯಕ್ಕೆ 0.39 ಗೋಲು, ಇಲ್ಲದಾಗ ಪಂದ್ಯಕ್ಕೆ 2 ಗೋಲು. ಕೇಳಲು ಬಹಳ ಚೆನ್ನಾಗಿದೆ, ಆದರೆ ಇದನ್ನು ಹೀಗೆಯೇ ಬರೆದು ಕಳಿಸಬೇಡಿ. ಆತ ತಪ್ಪಿಸಿಕೊಂಡ ನಾಲ್ಕು ಪಂದ್ಯಗಳಲ್ಲಿ ಒಂದು ಚಾಂಪಿಯನ್ನರ ವಿರುದ್ಧ, ಇನ್ನೊಂದು ಲೀಗಿನ ಅತ್ಯಂತ ಅಪಾಯಕಾರಿ ಸ್ಟ್ರೈಕರ್ ಇರುವ ತಂಡದ ವಿರುದ್ಧ. 8ರಲ್ಲಿ 6 ಗೋಲು ಆ ಎರಡರಲ್ಲೇ ಬಂದಿವೆ. ನೀವು ಇದನ್ನು ಮುಚ್ಚಿಟ್ಟರೆ ಎದುರಾಳಿ ಮತದಾನದ ಹಿಂದಿನ ರಾತ್ರಿ ಅಗೆದು ತೆಗೆಯುತ್ತಾನೆ, ಆಗ ನಿಮ್ಮ ಉಳಿದ ಮಾತಿನ ಮೇಲೂ ಯಾರಿಗೂ ನಂಬಿಕೆ ಉಳಿಯುವುದಿಲ್ಲ. ಆ ಎರಡು ಪಂದ್ಯಗಳನ್ನು ನೀವೇ ಪಕ್ಕಕ್ಕಿಡಿ. ಉಳಿದ ಎರಡು ಪಂದ್ಯಗಳಲ್ಲಿ 2 ಗೋಲು, ಅಂದರೆ ಪಂದ್ಯಕ್ಕೆ 1. ಆಗಲೂ ಆತ ಇದ್ದಾಗಿನ 0.39ಕ್ಕಿಂತ ಅದು ಎರಡೂವರೆ ಪಟ್ಟು ಹೆಚ್ಚು. ಎದುರಾಳಿಗೆ ಇಷ್ಟು ರಿಯಾಯಿತಿ ಕೊಟ್ಟ ಮೇಲೂ ನಿಲ್ಲುವ ಸಂಖ್ಯೆ, ರಿಯಾಯಿತಿಯಿಲ್ಲದ ದೊಡ್ಡ ಸಂಖ್ಯೆಗಿಂತ ಗಟ್ಟಿ.

ಮುಂದಿನ ಆಕ್ಷೇಪ ಗೋಲ್‌ಕೀಪರ್‌ನದು. “ಗೋಲು ತಡೆದವನು ಕೀಪರ್, ಕೀರ್ತಿ ನಿಮ್ಮ ಡಿಫೆಂಡರ್‌ಗೆ ಏಕೆ?” ಎಂದು ಒಬ್ಬರಾದರೂ ಕೇಳುತ್ತಾರೆ. 22 ಪಂದ್ಯಗಳಲ್ಲೂ ಕೀಪರ್ ಒಬ್ಬನೇ ಆಗಿದ್ದರೆ ಅದನ್ನು ಒಂದು ಸಾಲಿನಲ್ಲಿ ಹೇಳಿಬಿಡಿ. ಅದರ ಜೊತೆಗೆ ಎಕ್ಸ್‌ಜಿ ಅಂಕಿಗಳನ್ನೂ ನೋಡಿ. ಒಂದೊಂದು ಹೊಡೆತವೂ ಎಷ್ಟರ ಮಟ್ಟಿಗೆ ಗೋಲಾಗುವ ಸಾಧ್ಯತೆ ಇತ್ತು ಎಂಬುದನ್ನು ಅಳೆದು ಕೂಡಿಸುವ ಈ ಲೆಕ್ಕವು ‘ಫುಟ್‌ಬಾಲ್ ಮ್ಯಾನೇಜರ್’ 2021ರ ಆವೃತ್ತಿಯಿಂದ ಆಟದ ಭಾಗವಾಗಿದೆ. ಆತ ಇದ್ದಾಗ ಎದುರಾಳಿಗಳ ಎಕ್ಸ್‌ಜಿಯೇ ಕಡಿಮೆ ಇದ್ದರೆ, ಗೋಲಿನ ಅವಕಾಶವೇ ಹುಟ್ಟಲಿಲ್ಲ ಎಂದರ್ಥ. ಅದು ಡಿಫೆಂಡರ್‌ನ ಕೆಲಸ. ಎಕ್ಸ್‌ಜಿ ಹೆಚ್ಚಿದ್ದು ಗೋಲು ಮಾತ್ರ ಕಡಿಮೆ ಇದ್ದರೆ, ಬೇಸರ ಮಾಡಿಕೊಳ್ಳದೆ ನಿಮ್ಮ ಕೀಪರ್ ಪರವಾಗಿ ಬರೆಯಿರಿ.

ಸ್ಟ್ರೈಕರ್‌ನ 21 ಗೋಲುಗಳನ್ನು ಕಡಿಮೆ ಮಾಡಿ ತೋರಿಸುವ ಆಸೆ ನಿಮ್ಮ ಪತ್ರದಲ್ಲಿ ಕಾಣುತ್ತಿದೆ. 5 ಪೆನಾಲ್ಟಿ ತೆಗೆದರೆ 16, ಕೊನೆಯ ತಂಡದ ವಿರುದ್ಧದ 7 ತೆಗೆದರೆ ಉಳಿದ 20 ಪಂದ್ಯಗಳಲ್ಲಿ 9. ಲೆಕ್ಕ ಸರಿ. ಆದರೆ ದುರ್ಬಲ ತಂಡದ ವಿರುದ್ಧ ಹೆಚ್ಚು ಗೋಲು ಹೊಡೆಯದ ಸ್ಟ್ರೈಕರ್ ಲೋಕದಲ್ಲಿಲ್ಲ. ಹೀಗೆ ಕಳೆಯುತ್ತಾ ಹೋದರೆ ಪೆಲೆ ಅವರೂ ಸೊನ್ನೆಗೆ ಬಂದು ನಿಲ್ಲುತ್ತಾರೆ. ಗೋಲು ಗಳಿಕೆಯಲ್ಲಿ ಎರಡನೇ, ಮೂರನೇ ಸ್ಥಾನದಲ್ಲಿರುವವರಿಗೂ ಇದೇ ಕಳೆಯುವ ಲೆಕ್ಕ ಹಾಕಿ ನೋಡಿ. ಅವರಲ್ಲಿ ಯಾರಾದರೂ ಈತನನ್ನು ದಾಟಿದರೆ ಮಾತ್ರ ಆ ಅಂಶವನ್ನು ಬಳಸಿ, ಇಲ್ಲವಾದರೆ ಬಿಟ್ಟುಬಿಡಿ. ನಿಮ್ಮ ಅಭ್ಯರ್ಥಿಯನ್ನು ಎತ್ತಿಹಿಡಿಯಲು ಇರುವುದು ಒಂದೇ ಪುಟ. ಅದರಲ್ಲಿ ಅರ್ಧವನ್ನು ಇನ್ನೊಬ್ಬನನ್ನು ಕೆಳಗಿಳಿಸಲು ಖರ್ಚು ಮಾಡಿದರೆ ಓದುವವರಿಗೆ ಹೊಟ್ಟೆಕಿಚ್ಚಿನ ವಾಸನೆ ಬರುತ್ತದೆ.

ಡಿಫೆಂಡರ್‌ಗೆ ಇಂಥ ಪ್ರಶಸ್ತಿ ಸಿಗುವುದುಂಟೇ ಎಂದು ಕೇಳುವವರಿಗೆ 2018–19ರ ಇಂಗ್ಲಿಷ್ ಪ್ರೀಮಿಯರ್ ಲೀಗ್ ಸಾಕು. ಆ ವರ್ಷ ಮೊಹಮ್ಮದ್ ಸಲಾ, ಸಾಡಿಯೊ ಮಾನೆ ಮತ್ತು ಪಿಯರೆ ಎಮೆರಿಕ್ ಔಬಮೆಯಾಂಗ್ ತಲಾ 22 ಗೋಲು ಹೊಡೆದು, ಅತಿ ಹೆಚ್ಚು ಗೋಲು ಹೊಡೆದವರಿಗೆ ಸಿಗುವ ಗೋಲ್ಡನ್ ಬೂಟ್ ಹಂಚಿಕೊಂಡರು. ಆದರೆ ವೃತ್ತಿಪರ ಆಟಗಾರರ ಸಂಘವಾದ ಪಿಎಫ್‌ಎಯ ವರ್ಷದ ಆಟಗಾರ ಪ್ರಶಸ್ತಿ ಲಿವರ್‌ಪೂಲ್‌ನ ಸೆಂಟರ್ ಬ್ಯಾಕ್ ವರ್ಜಿಲ್ ವಾನ್ ಡೈಕ್ ಅವರ ಪಾಲಾಯಿತು, ಅದೂ ಆಟಗಾರರ ಮತದಿಂದಲೇ. ಲಿವರ್‌ಪೂಲ್ 97 ಪಾಯಿಂಟ್ಸ್ ಗಳಿಸಿಯೂ ಒಂದೇ ಪಾಯಿಂಟ್‌ನಿಂದ ಎರಡನೇ ಸ್ಥಾನಕ್ಕೆ ಇಳಿದಿತ್ತು, ನಿಮ್ಮ ತಂಡದಂತೆಯೇ. 38 ಪಂದ್ಯಗಳಲ್ಲಿ ಅದು ಬಿಟ್ಟುಕೊಟ್ಟದ್ದು 22 ಗೋಲು. ಲೀಗಿನಲ್ಲಿ ಯಾರೂ ಚೆಂಡು ಡ್ರಿಬಲ್ ಮಾಡಿಕೊಂಡು ವಾನ್ ಡೈಕ್ ಅವರನ್ನು ದಾಟಿ ಹೋಗಲಿಲ್ಲ ಎಂಬ ಮಾತು ಆ ಋತುವಿನಲ್ಲಿ ಎಲ್ಲರ ಬಾಯಲ್ಲೂ ಇತ್ತು. ನಡೆಯದೇ ಹೋದ ಒಂದು ಸಂಗತಿಯನ್ನು ಎಲ್ಲರೂ ನೆನಪಿಟ್ಟುಕೊಳ್ಳಬಲ್ಲ ವಾಕ್ಯವಾಗಿ ಮಾಡಿದ್ದೇ ಅದರ ಬಲ. ನಿಮ್ಮ ‘ಸೊನ್ನೆ ಮತ್ತು ಮೂರು’ ಅದೇ ಜಾತಿಯದು. ಅದೇ ವರ್ಷ ವಿಶ್ವದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಮಾತ್ರ ಅವರ ಕೈತಪ್ಪಿತು: ಮತದಾನದಲ್ಲಿ ಲಯೊನೆಲ್ ಮೆಸ್ಸಿ ಅವರಿಗೆ 686 ಅಂಕ, ವಾನ್ ಡೈಕ್ ಅವರಿಗೆ 679. 2006ರಲ್ಲಿ ವಿಶ್ವಕಪ್ ಎತ್ತಿದ ಇಟಲಿಯ ನಾಯಕ ಫ್ಯಾಬಿಯೊ ಕನ್ನವಾರೊ ಅವರ ನಂತರ ಆ ಪ್ರಶಸ್ತಿ ಗೆದ್ದ ಡಿಫೆಂಡರ್ ಇಲ್ಲ.

ಎದುರಾಳಿಯ ಕೈಯಲ್ಲೂ ಉದಾಹರಣೆಗಳಿವೆ, ತಿಳಿದಿರಲಿ. ಅದೇ 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದದ್ದು ನಮ್ಮ ಬೆಂಗಳೂರು ಎಫ್‌ಸಿ. ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಏಕೈಕ ಗೋಲು ಹೊಡೆದವರು ಡಿಫೆಂಡರ್ ರಾಹುಲ್ ಭೆಕೆ. ಆದರೂ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ 16 ಗೋಲುಗಳೊಂದಿಗೆ ಗೋಲ್ಡನ್ ಬೂಟ್ ಪಡೆದಿದ್ದ ಎಫ್‌ಸಿ ಗೋವಾದ ಫೆರಾನ್ ಕೊರೊಮಿನಾಸ್ ಅವರಿಗೇ ಹೋಯಿತು. ಇಂಥದ್ದನ್ನು ತಪ್ಪಿಸಲು ಒಂದು ಉಪಾಯವಿದೆ. ನಿಮ್ಮ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಪ್ರತ್ಯೇಕ ಪ್ರಶಸ್ತಿ ಇಲ್ಲವಾದರೆ, ಮತದಾನಕ್ಕೆ ಮೊದಲೇ ಅದನ್ನು ಸ್ಥಾಪಿಸಲು ನೀವೇ ಸೂಚಿಸಿ. ತುಸು ರಾಜಕೀಯ ಎನಿಸಬಹುದು. ಆದರೆ 21 ಗೋಲಿಗೆ ಸಲ್ಲಬೇಕಾದ ಗೌರವ ಮೊದಲೇ ಸಂದ ಮೇಲೆ, ‘ವರ್ಷದ ಆಟಗಾರ’ ಎಂಬ ಹೆಸರಿಗೆ ಬೇರೆ ಅರ್ಥವಿರಬೇಕಲ್ಲವೇ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ.

ಪ್ರಶ್ನೆ: ಆಟವೇ ಪ್ರತಿ ಆಟಗಾರನಿಗೂ ಪಂದ್ಯವಾರು ಹತ್ತಕ್ಕೆ ಇಷ್ಟು ಎಂದು ರೇಟಿಂಗ್ ಕೊಡುತ್ತದೆ. ಋತುವಿನ ಸರಾಸರಿ ಯಾರದು ಹೆಚ್ಚೋ ಅವರಿಗೆ ಪ್ರಶಸ್ತಿ ಕೊಟ್ಟರೆ ಮುಗಿಯಿತಲ್ಲವೇ? ಎಲ್ಲವೂ ಕಂಪ್ಯೂಟರಿನ ಅದೃಷ್ಟದಾಟವಾಗಿರುವಾಗ ವಾದ, ಮತದಾನ ಎಂದು ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ?
— ಮೈಸೂರಿನ ಓದುಗರೊಬ್ಬರು

ಉತ್ತರ: ರೇಟಿಂಗ್ ಒಂದು ಸಾಕ್ಷಿ, ಅದನ್ನೇ ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸಬಾರದು. ಪಂದ್ಯದಲ್ಲಿ ದಾಖಲಾದ ಗೋಲು, ಅಸಿಸ್ಟ್ (ಗೋಲಿಗೆ ದಾರಿ ಮಾಡಿಕೊಟ್ಟ ಪಾಸ್), ಪಾಸ್, ಟ್ಯಾಕಲ್, ತಪ್ಪುಗಳನ್ನು ಕೂಡಿ ಕಳೆದು ಬರುವ ಸಂಖ್ಯೆ ಅದು. ಸರಿಯಾದ ಜಾಗದಲ್ಲಿ ನಿಂತು ಎದುರಾಳಿ ಆ ಕಡೆ ಪಾಸ್ ಕೊಡುವ ಯೋಚನೆಯನ್ನೇ ಬಿಡುವಂತೆ ಮಾಡಿದವನ ಹೆಸರಿನಲ್ಲಿ ದಾಖಲಾಗುವುದು ಏನೂ ಇಲ್ಲ. ಅಲ್ಲದೆ 4–0 ಮುಂದಿರುವಾಗ ಬಂದ ಐದನೇ ಗೋಲಿಗೂ, 0–0 ಇದ್ದು ಚಾಂಪಿಯನ್‌ಪಟ್ಟ ತೂಗುಯ್ಯಾಲೆಯಲ್ಲಿದ್ದಾಗ ಬಂದ ಗೋಲಿಗೂ ಋತುವಿನ ಕಥೆಯಲ್ಲಿ ಇರುವ ವ್ಯತ್ಯಾಸವನ್ನು ಸರಾಸರಿಯು ಹೇಳುವುದಿಲ್ಲ; ಅದನ್ನು ಮನುಷ್ಯರೇ ಹೇಳಬೇಕು. ರೇಟಿಂಗ್ ಬಳಸುವುದಾದರೆ ಕನಿಷ್ಠ ಪಂದ್ಯಗಳ ಮಿತಿಯನ್ನಾದರೂ ಇಡಿ. 9 ಪಂದ್ಯಗಳಲ್ಲಿ 7.9 ಪಡೆದವನು 22 ಪಂದ್ಯಗಳಲ್ಲಿ 7.5 ಪಡೆದವನಿಗಿಂತ ಮೇಲೆಂದು ಯಾವ ಕೋಚ್ ಕೂಡ ಒಪ್ಪಲಾರ.

ಇದರ ಜೊತೆಗೆ ಇನ್ನೊಂದು ಗೊಂದಲವೂ ಇಂಥ ಲೀಗುಗಳಲ್ಲಿ ಸಾಮಾನ್ಯ. ಈ ಆಟದಲ್ಲಿ ಫಿನಿಶಿಂಗ್ (ಅವಕಾಶವನ್ನು ಗೋಲಾಗಿಸುವ ಚಾತುರ್ಯ), ಟ್ಯಾಕ್ಲಿಂಗ್, ವೇಗ ಮುಂತಾದ ಗುಣಗಳಿಗೆ 1ರಿಂದ 20ರ ವರೆಗೆ ಅಂಕಗಳಿವೆ. ‘ಫಿನಿಶಿಂಗ್ 18 ಇದೆ, ಅವನೇ ಶ್ರೇಷ್ಠ’ ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಅದು ಹತ್ತನೇ ತರಗತಿಯ ಅಂಕಪಟ್ಟಿ ನೋಡಿ ನೌಕರನಿಗೆ ವರ್ಷದ ಬೋನಸ್ ಕೊಟ್ಟಂತೆ. ಆ ಅಂಕ ಆಟಗಾರ ಏನು ಮಾಡಬಲ್ಲ ಎಂಬುದರ ಅಂದಾಜು, ಏನು ಮಾಡಿದ ಎಂಬುದರ ದಾಖಲೆಯಲ್ಲ. ಫಿನಿಶಿಂಗ್ 18 ಇದ್ದವನು 6 ಗೋಲು, 12 ಇದ್ದವನು 14 ಗೋಲು ಹೊಡೆದಿದ್ದರೆ ಪ್ರಶಸ್ತಿಯ ಮಾತು ಬಂದಾಗ ಮೊದಲು ಎತ್ತಬೇಕಾದ ಹೆಸರು ಎರಡನೆಯವನದು.

ಅದೃಷ್ಟದ ವಿಷಯ: ಅದೇ ಪಂದ್ಯವನ್ನು ಮತ್ತೊಮ್ಮೆ ಓಡಿಸಿದರೆ ಬೇರೆ ಫಲಿತಾಂಶ ಬಂದೀತು, ಒಪ್ಪುತ್ತೇನೆ. ಮೈದಾನದಲ್ಲೂ ಕಂಬಕ್ಕೆ ಬಡಿದ ಚೆಂಡು ಒಮ್ಮೆ ಒಳಗೆ, ಒಮ್ಮೆ ಹೊರಗೆ. ಮತ್ತೆ ಓಡಿಸಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಪ್ರಶಸ್ತಿ ಕೊಡುವುದಿಲ್ಲ. ನೀವೆಲ್ಲ ಕೂತು ಓಡಿಸಿದ, ಎಲ್ಲರೂ ಒಪ್ಪಿ ಸೇವ್ ಮಾಡಿದ ಆ ಒಂದು ಋತುವಿಗೆ ಕೊಡುತ್ತೀರಿ.

ಪ್ರಶ್ನೆ: ನಾವು ಡಬ್ಲಿನ್‌ನಲ್ಲಿರುವ ಕೆಲವು ಕನ್ನಡಿಗರು ಇಂಥದ್ದೇ ಲೀಗ್ ನಡೆಸುತ್ತೇವೆ. ಕಳೆದ ಬಾರಿ ಎಲ್ಲರೂ ತಮ್ಮ ತಂಡದ ಆಟಗಾರನಿಗೇ ಮತ ಹಾಕಿ ಎಂಟು ಜನರಿಗೆ ಒಂದೊಂದು ಮತ ಬಂತು. ಮತದಾನವನ್ನು ಹೇಗೆ, ಯಾವಾಗ ನಡೆಸಬೇಕು? ಸಮಬಲವಾದರೆ ಏನು ಮಾಡಬೇಕು?
— ಐರ್ಲೆಂಡಿನ ಓದುಗರೊಬ್ಬರು

ಉತ್ತರ: ಎಂಟು ಜನ, ಎಂಟು ಮತ, ಎಂಟು ವಿಜೇತರು! ಸ್ವಂತ ತಂಡದವರಿಗೆ ಮತ ಹಾಕುವಂತಿಲ್ಲ ಎಂಬ ನಿಯಮವನ್ನು ಮೊದಲು ತನ್ನಿ. ಒಬ್ಬರು ಒಂದೇ ಹೆಸರು ಬರೆಯುವ ಬದಲು ಮೂರು ಹೆಸರು ಬರೆದು, ಮೊದಲನೆಯದಕ್ಕೆ 5, ಎರಡನೆಯದಕ್ಕೆ 3, ಮೂರನೆಯದಕ್ಕೆ 1 ಅಂಕ ಕೊಡಲಿ. ಆಗ ಯಾರ ಮೊದಲ ಆಯ್ಕೆಯೂ ಆಗದಿದ್ದರೂ ಎಲ್ಲರ ಎರಡನೇ ಆಯ್ಕೆಯಾಗಿರುವ ಡಿಫೆಂಡರ್ ಕೂಡ ಮೇಲೆ ಬರಬಲ್ಲ.

ಕೊನೆಯ ಪಂದ್ಯ ಮುಗಿಯುವ ವರೆಗೆ ಮತಪೆಟ್ಟಿಗೆ ತೆರೆಯಬೇಡಿ. 2002ರ ವಿಶ್ವಕಪ್‌ನಲ್ಲಿ ಫೈನಲ್‌ಗೆ ಮೊದಲೇ ಮತ ಪಡೆದು ಜರ್ಮನಿಯ ಗೋಲ್‌ಕೀಪರ್ ಒಲಿವರ್ ಕಾನ್ ಅವರನ್ನು ಶ್ರೇಷ್ಠ ಆಟಗಾರನೆಂದು ಆರಿಸಿದ್ದರು. ಫೈನಲ್‌ನಲ್ಲಿ ಅವರ ಕೈಯಿಂದ ಜಾರಿದ ಚೆಂಡನ್ನು ಬ್ರೆಜಿಲ್‌ನ ರೊನಾಲ್ಡೊ ಗೋಲಿಗೆ ತಳ್ಳಿದರು. ಬ್ರೆಜಿಲ್ 2–0ಯಿಂದ ಗೆದ್ದಿತು, ಎರಡೂ ಗೋಲು ರೊನಾಲ್ಡೊ ಅವರವೇ. ಟೂರ್ನಿಯುದ್ದಕ್ಕೂ ಕಾನ್ ಆಡಿದ ರೀತಿಗೆ ಆ ಪ್ರಶಸ್ತಿ ಅನ್ಯಾಯವೇನಲ್ಲ ಎಂಬುದು ನನ್ನ ಅಭಿಪ್ರಾಯ, ಆದರೆ ಮತ ಹಾಕುವವರು ಇಡೀ ಕಥೆ ನೋಡಿ ಹಾಗೆ ತೀರ್ಮಾನಿಸಿದ್ದರೆ ಅದರ ತೂಕವೇ ಬೇರೆ ಇರುತ್ತಿತ್ತು.

ಸಮಬಲಕ್ಕೆ ಎರಡು ದಾರಿಗಳಿವೆ. ಪ್ರೀಮಿಯರ್ ಲೀಗ್ ಗೋಲ್ಡನ್ ಬೂಟ್‌ನಂತೆ ಹಂಚಬಹುದು. ಇಲ್ಲವೇ 2010ರ ವಿಶ್ವಕಪ್‌ನಂತೆ ಮೊದಲೇ ಬರೆದಿಟ್ಟ ನಿಯಮದಿಂದ ಬಿಡಿಸಬಹುದು: ಅಲ್ಲಿ ಥಾಮಸ್ ಮುಲ್ಲರ್, ಡೇವಿಡ್ ವಿಲ್ಲಾ, ವೆಸ್ಲಿ ಸ್ನೈಡರ್, ಡಿಯಾಗೊ ಫೋರ್ಲಾನ್ ನಾಲ್ವರೂ ತಲಾ 5 ಗೋಲು ಹೊಡೆದಿದ್ದರು, ಹೆಚ್ಚು ಅಸಿಸ್ಟ್‌ಗಳಿದ್ದ ಕಾರಣ ಗೋಲ್ಡನ್ ಬೂಟ್ ಮುಲ್ಲರ್ ಅವರಿಗೆ ಸಂದಿತು. ಎಂಟೇ ಜನರಿರುವ ಲೀಗಿಗೆ ನಾನು ಎರಡನೆಯದನ್ನೇ ಸೂಚಿಸುತ್ತೇನೆ. ಮೊದಲ ಆಯ್ಕೆಯ ಮತಗಳು ಯಾರಿಗೆ ಹೆಚ್ಚು ಬಂದಿವೆಯೋ ಅವರಿಗೆ ಪ್ರಶಸ್ತಿ ಎಂದು ಬರೆದಿಡಿ. ಈ ನಿಯಮವನ್ನು ಮುಂದಿನ ಋತುವಿನ ಮೊದಲ ಪಂದ್ಯಕ್ಕೆ ಮುನ್ನವೇ, ಯಾರ ಸ್ಟ್ರೈಕರ್ ಎಷ್ಟು ಗೋಲು ಹೊಡೆಯುತ್ತಾನೆಂದು ಯಾರಿಗೂ ಗೊತ್ತಿಲ್ಲದಿರುವಾಗಲೇ ಒಪ್ಪಿಕೊಳ್ಳಿ.