ಗೆಳತಿ ಮುಂಗಡ ವಾಪಸ್ ಕೇಳುತ್ತಿದ್ದಾಳೆ, ಹೊಲಿಗೆ ನಿಲ್ಲಿಸಿಬಿಡಲೇ?

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಕೊರೊನಾ ಶುರುವಾಗಿ ಕೆಲವೇ ತಿಂಗಳಲ್ಲಿ ನನ್ನ ಕೆಲಸ ಹೋಯಿತು. ಹೊಲಿಗೆ ಮೊದಲಿಂದಲೂ ಬರುತ್ತಿತ್ತು. ಸುಮ್ನೆ ಕೂರುವುದು ಬೇಡ ಎಂದು ಮಾಸ್ಕ್ ಹೊಲಿಯಲು ಶುರು ಮಾಡಿದೆ. ಈಗ ಅಳತೆ ತೆಗೆದುಕೊಂಡು ಡ್ರೆಸ್, ಅಂಗಿ, ಗೌನ್ ಎಲ್ಲ ಹೊಲಿದುಕೊಡುತ್ತೇನೆ. ಆರ್ಡರ್‌ಗೆ ಕೊರತೆ ಇಲ್ಲ. ಆದರೆ ಎಲ್ಲರೂ ಚೌಕಾಸಿ ಮಾಡುತ್ತಾರೆ, ನಾನು ಒಪ್ಪಿಬಿಡುತ್ತೇನೆ. ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ. ಹಗಲು ಮಗನ ಆನ್‌ಲೈನ್ ಕ್ಲಾಸ್, ಯಜಮಾನರ ಮೀಟಿಂಗ್. ಮೆಷಿನ್ ಸದ್ದು ಆಗಬಾರದು. ಹಾಗಾಗಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊಲಿಯುತ್ತೇನೆ. ಅತ್ತೆಗೆ 72 ವರ್ಷ, ಸಕ್ಕರೆ ಕಾಯಿಲೆ ಇದೆ. ಅಳತೆ ಕೊಡಲು ಯಾರಾದರೂ ಬಂದರೆ ರೂಮಿನ ಬಾಗಿಲು ಹಾಕಿಕೊಂಡುಬಿಡುತ್ತಾರೆ. ಯಜಮಾನರು ‘ಇಷ್ಟೆಲ್ಲ ಒದ್ದಾಡಿ ಉಳಿಯೋದೆಷ್ಟು?’ ಎನ್ನುತ್ತಾರೆ. ಈಗ ಇನ್ನೊಂದು ತಲೆನೋವು. ಕಾಲೇಜಿನಿಂದಲೂ ಜೊತೆಗಿರುವ ಗೆಳತಿ ತನ್ನ ಮದುವೆ ಗೌನ್‌ಗೆ ಅರ್ಧ ಹಣ ಮುಂಗಡ ಕೊಟ್ಟಿದ್ದಳು. ಬಟ್ಟೆ ತಂದು, ಕತ್ತರಿಸಿ, ಮೇಲ್ಭಾಗ ಹೊಲಿದಾಗಿದೆ. ಅಷ್ಟರಲ್ಲಿ ಮದುವೆ ಮುಂದಕ್ಕೆ ಹೋಯಿತು. ಯಾವಾಗ ಎಂದು ಗೊತ್ತಿಲ್ಲ. ಅವಳ ಸಂಬಳವೂ ಅರ್ಧಕ್ಕೆ ಇಳಿದಿದೆ. ಪೂರ್ತಿ ಮುಂಗಡ ವಾಪಸ್ ಕೊಡು ಎನ್ನುತ್ತಾಳೆ. ಹೆಚ್ಚಿನ ಪಾಲು ಬಟ್ಟೆಗೇ ಖರ್ಚಾಗಿದೆ. ಎಲ್ಲರಿಗೂ ನನ್ನಿಂದಲೇ ತೊಂದರೆ ಎನಿಸುತ್ತಿದೆ. ಹೊಲಿಗೆ ನಿಲ್ಲಿಸಿಬಿಡಲೇ?
— ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲರ ಕಷ್ಟವೂ ಇದೆ. ಅತ್ತೆಯವರ ಭಯ, ಯಜಮಾನರ ಮೀಟಿಂಗ್, ಮಗನ ಕ್ಲಾಸು, ಗೆಳತಿಯ ಸಂಬಳ. ನಿಮ್ಮ ನಿದ್ದೆಯ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಅದನ್ನು ಗಮನಿಸಿದಾಗ ನನಗೆ ಸಂಕಟವಾಯಿತು.

ಹೊಲಿಗೆ ನಿಲ್ಲಿಸಬೇಡಿ. ಕೆಲಸ ಹೋದಾಗ, ಕೈಯಲ್ಲಿದ್ದ ವಿದ್ಯೆಯನ್ನೇ ಹಿಡಿದು ಎದ್ದು ನಿಂತವರು ನೀವು. ಆರ್ಡರ್‌ಗಳು ತಾವಾಗಿ ಬರುತ್ತಿವೆ ಎಂದರೆ ನಿಮ್ಮ ಕೈಗೆಲಸ ಜನರಿಗೆ ಇಷ್ಟವಾಗಿದೆ ಎಂದೇ ಅರ್ಥ. ನಿಲ್ಲಬೇಕಾದದ್ದು ಇಷ್ಟು: ಯಾರು ಏನು ಕೇಳಿದರೂ ‘ಆಗಲಿ’ ಎಂದುಬಿಡುವುದು. ಮನೆಗೇ ಬರುತ್ತೇವೆ ಎಂದರೆ ಆಗಲಿ. ಸದ್ದು ಮಾಡಬೇಡ ಎಂದರೆ ಆಗಲಿ. ಕಮ್ಮಿ ಮಾಡಿಕೊಳ್ಳಿ ಎಂದರೆ ಆಗಲಿ. ಈ ಆಗಲಿಗಳೆಲ್ಲ ಸೇರಿ ನಿಮ್ಮ ರಾತ್ರಿಗಳನ್ನು ತಿನ್ನುತ್ತಿವೆ.

ಮೊದಲು ಅತ್ತೆಯವರ ವಿಷಯ. ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಕೋವಿಡ್ ಜಾಸ್ತಿ ಅಪಾಯಕಾರಿ ಎನ್ನುವುದು ಈಗ ಎಲ್ಲರಿಗೂ ಗೊತ್ತು. ನಿಮ್ಮ ಕೆಲಸವನ್ನೇ ಸ್ವಲ್ಪ ಯೋಚಿಸಿ ನೋಡಿ. ಸೋಂಕು ಇರುವವರಿಂದ 6 ಅಡಿ ಒಳಗೆ, 24 ಗಂಟೆಯಲ್ಲಿ ಒಟ್ಟು 15 ನಿಮಿಷ ಇದ್ದರೆ ಅದನ್ನು ನಿಕಟ ಸಂಪರ್ಕ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2020ರಲ್ಲಿ ಲೆಕ್ಕ ಹಾಕಿತ್ತು. ಟೇಪು ಹಿಡಿದು ಒಬ್ಬರ ಎದೆ ಸುತ್ತು, ಭುಜ, ತೋಳು ಅಳೆಯುವಾಗ ನೀವು ಒಂದು ಅಡಿ ದೂರದಲ್ಲೂ ಇರುವುದಿಲ್ಲ. ಮಾತಾಡುತ್ತಾ, ಡಿಸೈನ್ ನೋಡುತ್ತಾ 15 ನಿಮಿಷ ಕಳೆದದ್ದೇ ಗೊತ್ತಾಗುವುದಿಲ್ಲ. ಅದೂ ಮುಚ್ಚಿದ ಕೋಣೆಯಲ್ಲಿ. ಅತ್ತೆಯವರಿಗೆ ಲಸಿಕೆ ಆಗಿದ್ದರೂ ಸದ್ಯಕ್ಕೆ ಹೊರಗಿನವರು ಅಳತೆಗೆ ಮನೆಯೊಳಗೆ ಬರುವುದು ಬೇಡ. ಇದರಲ್ಲಿ ನಾನು ಪೂರ್ತಿ ಅವರ ಪರ.

ಹಾಗಾದರೆ ಅಳತೆ ಹೇಗೆ ಅಂತೀರಾ? ಗ್ರಾಹಕರಿಗೆ ಚೆನ್ನಾಗಿ ಕೂರುವ ಒಂದು ಹಳೆಯ ಬಟ್ಟೆಯನ್ನು ಕಳಿಸಲು ಹೇಳಿ. ನೀವು ಹೊಲಿಯಬೇಕಾದ ಮಾದರಿಯದ್ದೇ ಆಗಿದ್ದರೆ ಒಳ್ಳೆಯದು. ಹಿಗ್ಗುವ ಟೀಶರ್ಟ್ ಬೇಡ, ಅದರ ಅಳತೆ ನಂಬಿ ಹಿಗ್ಗದ ಬಟ್ಟೆ ಕತ್ತರಿಸಿದರೆ ತಲೆಯೇ ತೂರುವುದಿಲ್ಲ. ಕಳಿಸಲು ಆಗದವರು ಬಟ್ಟೆಯನ್ನು ಮೇಜಿನ ಮೇಲೆ ಸುಕ್ಕಿಲ್ಲದೆ ಹರಡಿ, ಟೇಪು ಇಟ್ಟು, ನೇರ ಮೇಲಿನಿಂದ ಫೋಟೊ ತೆಗೆದು ಕಳಿಸಲಿ. ಆಮೇಲೆ ವಿಡಿಯೊ ಕಾಲ್‌ನಲ್ಲಿ ಮೈ ಅಳತೆ. ತಮ್ಮನ್ನು ತಾವೇ ಅಳೆದುಕೊಂಡರೆ ಭುಜ, ಬೆನ್ನು ಯಾವಾಗಲೂ ತಪ್ಪುತ್ತದೆ. ಹಾಗಾಗಿ ಮನೆಯವರು ಯಾರಾದರೂ ಟೇಪು ಹಿಡಿಯಲಿ. ಟೇಪಿನ ತುದಿ ಎಲ್ಲಿದೆ ಎಂದು ನೀವು ನೋಡುತ್ತಿರಿ. ವರ್ಷಗಟ್ಟಲೆ ಬಳಸಿದ ಟೇಪು ಹಿಗ್ಗಿರುತ್ತದೆ, ಒಂದು ಸ್ಕೇಲ್ ಪಕ್ಕ ಇಟ್ಟು ಸರಿ ಇದೆಯಾ ಎಂದು ಮೊದಲೇ ನೋಡಿಸಿ.

ಬಟ್ಟೆಯ ಅಳತೆ ಮತ್ತು ಮೈ ಅಳತೆ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಬಟ್ಟೆಯ ಅಳತೆಯಲ್ಲಿ ಲೂಸ್ ಸೇರಿರುತ್ತದೆ, ಮೈ ಅಳತೆಯಲ್ಲಿ ಇರುವುದಿಲ್ಲ. ದೂರದಿಂದ ಅಳತೆ ತೆಗೆಯುವಾಗ ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ. ಎರಡೂ ಒಂದಕ್ಕೊಂದು ಹೊಂದದಿದ್ದರೆ ಮತ್ತೊಮ್ಮೆ ಕೇಳಿ, ಸಂಕೋಚ ಬೇಡ. ಕಾಟನ್ ಆದರೆ ಕತ್ತರಿಸುವ ಮೊದಲೇ ನೆನೆಸಿ ಒಣಗಿಸಿ. ಅಕ್ಕಪಕ್ಕದ ಹೊಲಿಗೆಯಲ್ಲಿ ಒಂದೊಂದು ಇಂಚು ಮಾರ್ಜಿನ್ ಬಿಡಿ. ದುಬಾರಿ ಬಟ್ಟೆಯಾದರೆ ಪಕ್ಕದ ಹೊಲಿಗೆಯನ್ನು ಉದ್ದುದ್ದ ಕಚ್ಚಾ ಹೊಲಿಗೆಯಲ್ಲಿ ಹಾಕಿ ಟ್ರಯಲ್‌ಗೆ ಕಳಿಸಿ. ಹಾಕಿಕೊಂಡು ಮುಂದೆ, ಹಿಂದೆ, ಪಕ್ಕದಿಂದ ಫೋಟೊ ಕಳಿಸಲಿ. ಬಿಚ್ಚುವುದೂ ಸುಲಭ, ಬಟ್ಟೆಗೂ ಗಾಯವಿಲ್ಲ.

ಬಂದು ಹೋಗುವ ಬಟ್ಟೆಯಿಂದ ಸೋಂಕು ಬರುತ್ತದಾ ಎಂದು ಅತ್ತೆಯವರು ಕೇಳಬಹುದು. 2020ರ ಮಾರ್ಚ್‌ನಲ್ಲಿ ಬಂದ ಒಂದು ಪ್ರಯೋಗದಲ್ಲಿ ವೈರಸ್ ರಟ್ಟಿನ ಮೇಲೆ 24 ಗಂಟೆವರೆಗೆ, ಪ್ಲಾಸ್ಟಿಕ್ ಮೇಲೆ 72 ಗಂಟೆವರೆಗೆ ಉಳಿಯುತ್ತದೆ ಎಂದು ಕಂಡಿತ್ತು. ಅದನ್ನು ಕೇಳಿ ನಾವೆಲ್ಲ ಪಾರ್ಸೆಲ್ ಮುಟ್ಟಲೂ ಹೆದರಿದೆವು. ಆದರೆ 2021ರ ಏಪ್ರಿಲ್‌ನಲ್ಲಿ ಅದೇ ಅಮೆರಿಕದ ಕೇಂದ್ರ, ವೈರಸ್ ಅಂಟಿದ ವಸ್ತುವನ್ನು ಮುಟ್ಟಿ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ 1ಕ್ಕಿಂತ ಕಡಿಮೆ ಎಂದು ಹೇಳಿದೆ. ಅಪಾಯ ಇರುವುದು ಹೆಚ್ಚಾಗಿ ಉಸಿರಾಡುವ ಗಾಳಿಯಲ್ಲಿ. ಇದನ್ನು ಅವರಿಗೆ ತಿಳಿಸಿ ಹೇಳಿ. ಅದರ ಮೇಲೂ ಅವರ ಸಮಾಧಾನಕ್ಕೆ ಬಂದ ಬಟ್ಟೆಯನ್ನು ಒಂದು ದಿನ ಹೊರಗೆ ಇಟ್ಟು ಆಮೇಲೆ ಒಳಗೆ ತನ್ನಿ, ಕೈ ತೊಳೆದುಕೊಳ್ಳಿ. ನಾಳೆಯಿಂದ ಅಳತೆಗೆ ಯಾರೂ ಮನೆಯೊಳಗೆ ಬರುವುದಿಲ್ಲ ಎಂದು ನೀವೇ ಅವರ ಪಕ್ಕ ಕೂತು ಹೇಳಬೇಕು. ಆ ಮುಚ್ಚಿದ ಬಾಗಿಲು ತೆರೆಯಲು ಅದು ಸಾಕು ಎಂದು ನನಗನ್ನಿಸುತ್ತದೆ.

ಇನ್ನು ನಿಮ್ಮ ರಾತ್ರಿಗಳು. ನಿದ್ದೆಗಣ್ಣಲ್ಲಿ ಕತ್ತರಿ ಹಿಡಿಯುವುದು ಬಟ್ಟೆಗೂ ಒಳ್ಳೆಯದಲ್ಲ, ಬೆರಳಿಗೂ ಅಲ್ಲ. ಹೊಲಿಗೆ ಕೆಲಸದಲ್ಲಿ ಸದ್ದು ಮಾಡುವ ಭಾಗ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಗುರುತು ಹಾಕುವುದು, ಕತ್ತರಿಸುವುದು, ಗುಂಡಿ, ಹುಕ್ಕು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು, ಇಸ್ತ್ರಿ. ಇದೆಲ್ಲ ಕ್ಲಾಸು, ಮೀಟಿಂಗ್ ನಡೆಯುವಾಗಲೇ ಮಾಡಬಹುದು. ಮೆಷಿನ್ ಕೆಲಸವನ್ನು ಒಟ್ಟು ಹಾಕಿ, ಅದಕ್ಕೆ ಹಗಲಲ್ಲಿ ಎರಡು ಗಂಟೆ ಕೇಳಿ ತೆಗೆದುಕೊಳ್ಳಿ. ಮೆಷಿನ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದರೆ ಸದ್ದು ಸಾಕಷ್ಟು ಇಳಿಯುತ್ತದೆ. ಯಜಮಾನರ ಮೀಟಿಂಗ್‌ಗೆ ಸಮಯ ಗೊತ್ತುಮಾಡಿದ ಹಾಗೆಯೇ ನಿಮ್ಮ ಮೆಷಿನ್‌ಗೂ ಸಮಯ ಗೊತ್ತುಮಾಡಬೇಕು, ಅಲ್ವಾ? ಇದು ಅವರ ಉಪಕಾರ ಎಂದುಕೊಂಡು ಕೇಳಬೇಡಿ. ಈ ಮನೆಯಲ್ಲಿ ಇಬ್ಬರು ಮನೆಯಿಂದ ಕೆಲಸ ಮಾಡುತ್ತಿದ್ದೀರಿ.

‘ಉಳಿಯೋದೆಷ್ಟು?’ ಎನ್ನುವ ಮಾತು ನಿಮಗೆ ನೋವು ಕೊಟ್ಟಿದೆ. ಅವರು ಅದನ್ನು ಹೇಳಿದ ರೀತಿ ಚೆನ್ನಾಗಿಲ್ಲ. ಆದರೂ ಆ ಪ್ರಶ್ನೆಗೆ ಈಗ ನಿಮ್ಮ ಹತ್ತಿರವೇ ಉತ್ತರ ಇಲ್ಲ, ಅದು ಇರಲೇಬೇಕು. ಮುಂದಿನ ಕೆಲವು ಆರ್ಡರ್‌ಗಳಿಗೆ ಒಂದು ಪುಸ್ತಕ ಇಡಿ. ಬಟ್ಟೆ, ಲೈನಿಂಗ್, ಝಿಪ್, ದಾರ, ಕರೆಂಟು, ಮೆಷಿನ್ ರಿಪೇರಿಯ ಒಂದು ಪಾಲು ಬರೆಯಿರಿ. ಅದಕ್ಕಿಂತ ಮುಖ್ಯವಾಗಿ ಗಂಟೆಗಳನ್ನು ಬರೆಯಿರಿ. ಹೊಲಿದ ಗಂಟೆ ಮಾತ್ರ ಸಾಲದು. ಫೋನಿನಲ್ಲಿ ಡಿಸೈನ್ ಚರ್ಚಿಸಿದ್ದು, ದಾರದ ಬಣ್ಣ ಹುಡುಕಿದ್ದು, ಆಲ್ಟರೇಷನ್ ಮಾಡಿದ್ದು ಎಲ್ಲ. ಒಂದು ಡ್ರೆಸ್‌ಗೆ ಐದು ಗಂಟೆ ಎಂದುಕೊಂಡಿದ್ದರೆ ಲೆಕ್ಕ ಎಂಟಕ್ಕೋ ಒಂಬತ್ತಕ್ಕೋ ಬಂದು ನಿಲ್ಲಬಹುದು. ಆಗ ದುಡ್ಡು ಎಲ್ಲಿ ಸೋರುತ್ತಿದೆ ಎಂದು ಕಾಣುತ್ತದೆ.

ಅಂಗಡಿಯಲ್ಲಿ ಇದಕ್ಕಿಂತ ಕಮ್ಮಿಗೆ ಸಿಗುತ್ತದೆ ಎಂದು ಜನ ಹೇಳಿದಾಗ ನೀವು ಕುಗ್ಗುತ್ತೀರಿ. ಕಾರ್ಖಾನೆಯಲ್ಲಿ ಪದರ ಪದರವಾಗಿ ಬಟ್ಟೆ ಹಾಸಿ ಒಂದೇ ಸಲ ಎಷ್ಟೋ ಪೀಸ್ ಕತ್ತರಿಸುತ್ತಾರೆ. ಒಬ್ಬರು ಕಾಲರ್ ಮಾತ್ರ, ಇನ್ನೊಬ್ಬರು ತೋಳು ಮಾತ್ರ ಹೊಲಿಯುತ್ತಾರೆ. ನೀವು ಒಬ್ಬರ ಮೈಗೆಂದು ಒಂದೇ ಒಂದು ಪೀಸ್ ಶುರುವಿನಿಂದ ಕೊನೆವರೆಗೆ ಒಬ್ಬರೇ ಮಾಡುತ್ತೀರಿ. ಆ ಎರಡು ಬೆಲೆಗಳನ್ನು ಪಕ್ಕಪಕ್ಕ ಇಡುವುದೇ ತಪ್ಪು. ‘ನನ್ನ ರೇಟು ಇಷ್ಟು. ಇದರಲ್ಲಿ ಒಂದು ಸಲದ ಆಲ್ಟರೇಷನ್ ಸೇರಿದೆ’ ಎಂದು ಹೇಳಿ ಸುಮ್ಮನಾಗಿ. ಕೆಲವರು ಹೋಗುತ್ತಾರೆ, ಹೋಗಲಿ. ಪುಸ್ತಕವನ್ನು ತಿಂಗಳ ಕೊನೆಗೆ ಯಜಮಾನರ ಮುಂದೆಯೂ ಇಡಿ. ಲೆಕ್ಕ ನೋಡಿದ ಮೇಲೂ ಅವರು ಹಗುರಾಗಿ ಮಾತಾಡಿದರೆ ನನಗೆ ಮತ್ತೆ ಬರೆಯಿರಿ, ಅದು ಬೇರೆಯೇ ಸಮಸ್ಯೆ.

ಡೆಲಿವರಿ ದಿನ ಹೇಳುವಾಗಲೂ ಜೋಪಾನ. 2020ರಲ್ಲಿ ಎಲ್ಲರೂ ಮಾಸ್ಕ್ ಹೊಲಿಯಲು ಕೂತಾಗ ಎಷ್ಟೋ ಕಡೆ ಎಲಾಸ್ಟಿಕ್ಕೇ ಸಿಗುತ್ತಿರಲಿಲ್ಲ, ನಿಮಗೂ ನೆನಪಿರಬೇಕು. ಯಾವಾಗ ಯಾವ ಅಂಗಡಿ ಮುಚ್ಚುತ್ತದೋ ಗೊತ್ತಿಲ್ಲದ ಕಾಲ ಅದು. ಸಾಮಾನು ಕೈಗೆ ಬಂದ ಮೇಲೆಯೇ ದಿನ ಹೇಳಿ.

ಈಗ ನಿಮ್ಮ ಗೆಳತಿ. ನಿಮ್ಮ ಮನಸ್ಸನ್ನು ನಿಜವಾಗಿ ಕೊರೆಯುತ್ತಿರುವುದು ಇದೇ ಎಂದು ಪತ್ರ ಓದಿದರೆ ಗೊತ್ತಾಗುತ್ತದೆ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಅವಳಿಗೆ ಹಣ ಬೇಕಾಗಿದೆ, ನಿಮ್ಮ ಹತ್ತಿರ ಆ ಹಣ ಹಣವಾಗಿ ಉಳಿದಿಲ್ಲ. ಅಳತೆ ಕೊಟ್ಟು ಮಾಡಿಸಿದ ವಸ್ತುವನ್ನು ಬೇರೆಯವರಿಗೆ ಮಾರಲು ಆಗುವುದಿಲ್ಲ ಎನ್ನುವುದನ್ನು ಕಾನೂನುಗಳೂ ಒಪ್ಪುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಕೊಂಡ ವಸ್ತುವನ್ನು 14 ದಿನದೊಳಗೆ ಬೇಡ ಎನ್ನಬಹುದು. ಆದರೆ ಅಲ್ಲಿನ 2011ರ ಗ್ರಾಹಕ ಹಕ್ಕುಗಳ ನಿಯಮ, ಒಬ್ಬರ ಅಳತೆಗೆಂದೇ ಮಾಡಿಸಿದ ವಸ್ತುವಿಗೆ ಆ ಸೌಲಭ್ಯ ಕೊಡುವುದಿಲ್ಲ. ಇದನ್ನು ಅವಳ ಜೊತೆ ವಾದ ಮಾಡಲು ಹೇಳುತ್ತಿಲ್ಲ. ಪೂರ್ತಿ ವಾಪಸ್ ಕೊಡದಿದ್ದರೆ ನಾನು ಕೆಟ್ಟವಳು ಎಂಬ ಭಾರ ನಿಮ್ಮ ಎದೆಯಿಂದ ಇಳಿಯಲಿ ಎಂದು ಹೇಳುತ್ತಿದ್ದೇನೆ.

ಮುಂಗಡವನ್ನು ಮೂರು ಪಾಲಾಗಿ ನೋಡಿ. ಬಟ್ಟೆ, ಲೈನಿಂಗ್‌ಗೆ ಹೋದದ್ದು ಒಂದು. ಆ ಬಟ್ಟೆ ಅವಳದ್ದೇ, ಕತ್ತರಿಸದೆ ಉಳಿದ ತುಂಡೂ ಅವಳದ್ದೇ. ಇಲ್ಲಿಯವರೆಗೆ ನೀವು ಮಾಡಿದ ಕೆಲಸದ ಕೂಲಿ ಎರಡನೆಯದು. ಅದು ನಿಮ್ಮದು. ಇನ್ನೂ ಬಳಸದೆ ಇರುವುದು ಮೂರನೆಯದು. ಅದು ಸ್ವಲ್ಪವೇ ಇದ್ದರೂ ವಾಪಸ್ ಕೊಡಿ. ಒಂದೇ ಸಲ ಆಗದಿದ್ದರೆ ಎರಡು ಕಂತಿನಲ್ಲಿ, ದಿನ ಹೇಳಿ ಕೊಡಿ. ಬಿಲ್ಲುಗಳ ಫೋಟೊ ಜೊತೆಗಿರಲಿ. ಸ್ನೇಹ ಎಂದು ನಿಮ್ಮ ಕೂಲಿಯನ್ನು ಪೂರ್ತಿ ಬಿಟ್ಟುಕೊಡಬೇಡಿ ಎನ್ನುವುದು ನನ್ನ ಅಭಿಪ್ರಾಯ. ಬಿಟ್ಟುಕೊಟ್ಟರೆ ಆ ಗೌನ್ ನೋಡಿದಾಗಲೆಲ್ಲ ನಿಮ್ಮೊಳಗೆ ಒಂದು ಕಹಿ ಏಳುತ್ತದೆ, ಅದು ಸ್ನೇಹಕ್ಕೆ ಇನ್ನೂ ಕೆಟ್ಟದ್ದು.

ಗೌನ್ ಅನ್ನು ಈಗ ಮುಗಿಸಬೇಡಿ. ಮದುವೆ ಯಾವಾಗಲೋ, ಅಷ್ಟರಲ್ಲಿ ಅವಳ ಮೈ ದಪ್ಪವಾಗಬಹುದು, ಸಣ್ಣಗಾಗಬಹುದು. ಪಕ್ಕದ ಹೊಲಿಗೆ ಹಾಕದೆ ಹಾಗೇ ಇಡಿ. ಗುಂಡುಸೂಜಿಗಳನ್ನೆಲ್ಲ ತೆಗೆಯಿರಿ, ಇಲ್ಲದಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಅಳತೆ ಚೀಟಿಯನ್ನು ಮೇಲೆ ಕಟ್ಟಿಡಿ. ಮದುವೆ ಗೊತ್ತಾದ ಮೇಲೆ, ಒಂದು ತಿಂಗಳು ಮೊದಲು ಹೊಸದಾಗಿ ಅಳತೆ ತೆಗೆದುಕೊಂಡು ಮುಗಿಸಿ. ಉಳಿದ ಹಣ ಆಗ ಕೊಡಲಿ.

ಅವಳಿಗೆ ಹೀಗೆ ಬರೆಯಬಹುದು: ‘ನಿನಗೆ ಈಗ ಎಷ್ಟು ಕಷ್ಟ ಎಂದು ನನಗೆ ಗೊತ್ತು ಕಣೇ. ಪೂರ್ತಿ ಕೊಡುವ ಶಕ್ತಿ ನನಗಿಲ್ಲ, ಬಟ್ಟೆಗೆ ಹೋಗಿದೆ, ಬಿಲ್ ಕಳಿಸಿದ್ದೀನಿ. ಇಷ್ಟು ಉಳಿದಿದೆ, ಈ ವಾರ ಹಾಕ್ತೀನಿ. ಗೌನ್ ಭದ್ರವಾಗಿ ಇಟ್ಟಿರ್ತೀನಿ. ಮದುವೆ ಯಾವಾಗಲೇ ಆಗಲಿ, ಅವತ್ತಿನ ನಿನ್ನ ಅಳತೆಗೆ ಕೂರಿಸಿಕೊಡ್ತೀನಿ, ಅದಕ್ಕೆ ಬೇರೆ ಚಾರ್ಜ್ ಇಲ್ಲ.’ ನಿಮ್ಮ ಮಾತಿನಲ್ಲೇ ಬದಲಿಸಿಕೊಳ್ಳಿ. ಕ್ಷಮೆ ಕೇಳುತ್ತಾ ಉದ್ದ ಮಾಡಬೇಡಿ. ಬೇರೆ ಗ್ರಾಹಕರಿಗೆ ಇನ್ನು ಮುಂದೆ ಬಟ್ಟೆ ಕತ್ತರಿಸಿದ ಮೇಲೆ ಮುಂಗಡ ವಾಪಸ್ ಇಲ್ಲ ಎಂದು ಆರ್ಡರ್ ಚೀಟಿಯಲ್ಲೇ ಬರೆದುಕೊಡಿ.

ಅವಳು ಸಿಟ್ಟಾಗಬಹುದು, ಉತ್ತರವನ್ನೇ ಕೊಡದಿರಬಹುದು. ದುಡ್ಡಿನ ಕಷ್ಟದಲ್ಲಿರುವವರು ಮೊದಲು ಹತ್ತಿರದವರ ಮೇಲೆಯೇ ರೇಗುತ್ತಾರೆ. ಹೇಳಿದ ದಿನ ಹೇಳಿದಷ್ಟು ಹಣ ಹಾಕಿ. ಒಂದು ವಾರ ಬಿಟ್ಟು ಫೋನ್ ಮಾಡಿ. ಆಗ ಗೌನ್ ಮಾತು ಎತ್ತಬೇಡಿ, ಅವಳು ಹೇಗಿದ್ದಾಳೆ ಎಂದು ಮಾತ್ರ ಕೇಳಿ.