ಎಟೊಮಿಡೇಟ್ ಬೆರೆತ ವೇಪ್ (ಇ-ಸಿಗರೇಟ್) ಸೇದುವ ಹೆಂಗಸರಿಗೆ ಗಲ್ಲದ ಮೇಲೆ ಕೂದಲು ಮೂಡುವುದೇಕೆ?

ಎಟೊಮಿಡೇಟ್ ಮೈಯೊಳಗೆ ಕಾರ್ಟಿಸಾಲ್ ಎಂಬ ಹಾರ್ಮೋನಿನ ತಯಾರಿಕೆಗೆ ಅಡ್ಡಗಾಲು ಹಾಕುತ್ತದೆ. ಕಾರ್ಟಿಸಾಲ್ ಆಗಬೇಕಿದ್ದ ಸರಕು ಗಂಡು ಹಾರ್ಮೋನಿನ ಕಡೆ ಹೊರಳುತ್ತದೆ.

ಎಟೊಮಿಡೇಟ್ ಅಂದರೆ ಆಪರೇಷನ್‌ಗೆ ಮುಂಚೆ ರಕ್ತನಾಳಕ್ಕೆ ಚುಚ್ಚುವ ಅರಿವಳಿಕೆ ಮದ್ದು. ಹಾಂಗ್‌ಕಾಂಗ್‌ನಲ್ಲಿ ಇದನ್ನೇ ವೇಪ್‌ಗೆ ತುಂಬಿ 'ಸ್ಪೇಸ್ ಆಯಿಲ್' ಎಂದು ಮಾರುತ್ತಿದ್ದರು. 2025ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ ಅಪಾಯಕಾರಿ ಮಾದಕವಸ್ತುಗಳ ಪಟ್ಟಿಗೆ ಸೇರಿಸಿತು.

ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿ ಕೊಲೆಸ್ಟರಾಲನ್ನು ಹಂತಹಂತವಾಗಿ ಬದಲಿಸಿ ಕಾರ್ಟಿಸಾಲ್ ಮಾಡುತ್ತದೆ. ಕೊನೆಯ ಹಂತ ನಡೆಸುವ ಕಿಣ್ವ 11-ಬೀಟಾ-ಹೈಡ್ರಾಕ್ಸಿಲೇಸ್. ಎಟೊಮಿಡೇಟ್ ಕಟ್ಟಿಹಾಕುವುದು ಅದನ್ನೇ. ಕಾರ್ಟಿಸಾಲ್ ಇಳಿದದ್ದೇ ತಡ, ಮೆದುಳಿನಡಿಯ ಪಿಟ್ಯುಟರಿ 'ಇನ್ನೂ ಮಾಡು' ಎಂದು ಎಸಿಟಿಎಚ್ ಹಾರ್ಮೋನ್ ಸುರಿಸುತ್ತದೆ. ಗ್ರಂಥಿ ದುಡಿಯುತ್ತದೆ, ದಾರಿ ಮಾತ್ರ ಮುಚ್ಚಿದೆ. ಕಾಲುವೆಗೆ ಮಣ್ಣು ಬಿದ್ದರೆ ನೀರು ಪಕ್ಕದ ಗದ್ದೆಗೆ ನುಗ್ಗುವುದಿಲ್ಲವೇ, ಹಾಗೆ. ಒಂದು ಪಾಲು ಆಂಡ್ರೊಜೆನ್ (ಗಂಡು ಹಾರ್ಮೋನ್) ಆಗುತ್ತದೆ: ಮೊಡವೆ, ಗಲ್ಲದಲ್ಲಿ ಒರಟು ಕೂದಲು. ಇನ್ನೊಂದು ಪಾಲು ಮೈಯಲ್ಲಿ ಉಪ್ಪು ಹಿಡಿದಿಟ್ಟು ಪೊಟ್ಯಾಸಿಯಂ ಹೊರಗಟ್ಟುವ ಹಾರ್ಮೋನಾಗಿ ಉಳಿಯುತ್ತದೆ: ಬಿಪಿ ಏರಿಕೆ, ಕಾಲಲ್ಲಿ ನಿತ್ರಾಣ.

ನನ್ನ ಮಟ್ಟಿಗೆ ಕೂದಲಿಗಿಂತ ಹೆದರಬೇಕಾದ್ದು ಕಾರ್ಟಿಸಾಲ್ ಕೊರತೆಗೆ. ತೀವ್ರ ಸೋಂಕು, ಅಪಘಾತದಲ್ಲಿ ಮೈ ಕುಸಿಯದಂತೆ ಕಾಯುವುದು ಕಾರ್ಟಿಸಾಲೇ. ಐಸಿಯುನಲ್ಲಿ ಎಟೊಮಿಡೇಟನ್ನು ಸತತವಾಗಿ ಹನಿಸುತ್ತಿದ್ದ ಗಾಯಾಳುಗಳಲ್ಲಿ ಸಾವು ಹೆಚ್ಚಿದ್ದು 1983ರಲ್ಲೇ ವರದಿಯಾಗಿತ್ತು. ಆ ಪದ್ಧತಿ ಕೈಬಿಟ್ಟರು. ಆಸ್ಪತ್ರೆಗೆ ಹೋದಾಗ ವೇಪ್ ವಿಷಯ ಮುಚ್ಚಿಡಬೇಡಿ, ಕಾರ್ಟಿಸಾಲ್ ಕೊರತೆ ತುಂಬಲು ಸ್ಟೀರಾಯ್ಡ್ ಕೊಡಬೇಕೇ ಎಂದು ಡಾಕ್ಟರು ನಿರ್ಧರಿಸಲು ಅದು ಗೊತ್ತಿರಬೇಕು.