ಆನ್ಸಿಬಲ್ ಪ್ಲೇಬುಕ್ ನಿಧಾನವಾಗಿದ್ದರೆ ಮೊದಲು ಇದನ್ನು ನೋಡಿ

ನಲವತ್ತು ಉಬುಂಟು ಸರ್ವರ್‌ಗಳಿಗೆ ಆನ್ಸಿಬಲ್ (ಹಲವು ಸರ್ವರ್‌ಗಳನ್ನು ಒಂದೇ ಕಡೆಯಿಂದ ಸಜ್ಜುಗೊಳಿಸುವ ಟೂಲ್) ಪ್ಲೇಬುಕ್, ಅಂದರೆ ಮಾಡಬೇಕಾದ ಟಾಸ್ಕ್‌ಗಳ ಫೈಲ್, ಓಡಿಸಿದರೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಅದನ್ನು ಓಡಿಸುವ ಕಂಟ್ರೋಲ್ ಮೆಷಿನ್‌ಗೆ ರ‍್ಯಾಮ್ ಹಾಕಿಸಲಾ ಅಂತ ಕೇಳಿದ್ದೀರಿ. ಈಗಲೇ ದುಡ್ಡು ಹಾಕಬೇಡಿ. ಕಾನ್ಫಿಗ್ ಫೈಲ್‌ನಲ್ಲಿ ಸಮಯ ಅಳೆಯುವ ಪ್ರೊಫೈಲ್ ಟಾಸ್ಕ್ಸ್ (profile_tasks) ಕಾಲ್‌ಬ್ಯಾಕ್ ಆನ್ ಮಾಡಿ ಒಂದು ಸಲ ಓಡಿಸಿ. ಯಾವ ಟಾಸ್ಕ್ ಎಷ್ಟು ಸೆಕೆಂಡ್ ತಿಂದಿತು ಅಂತ ಕೊನೆಯಲ್ಲಿ ಪಟ್ಟಿ ಬರುತ್ತದೆ, ಜಾಸ್ತಿ ತಿಂದದ್ದು ಮೇಲೆ.

ನೀವು ಹಾಕಿರುವ ಪ್ಲೇಬುಕ್‌ನಲ್ಲಿ ನನಗೆ ತಕ್ಷಣ ಕಂಡದ್ದು ಪ್ಯಾಕೇಜ್‌ಗಳ ಲೂಪ್. ಲೂಪ್ ಹಾಕಿದರೆ ಪ್ರತಿ ಪ್ಯಾಕೇಜ್‌ಗೂ ಅದನ್ನು ಇನ್‌ಸ್ಟಾಲ್ ಮಾಡುವ ಆಪ್ಟ್ (apt) ಮಾಡ್ಯೂಲ್ ಬೇರೆಯಾಗಿ ಓಡುತ್ತದೆ. ಕ್ಯಾಶ್ ತೆರೆಯುವುದು, ಲಾಕ್ ಹಿಡಿಯುವುದು, ಬಿಡುವುದು, ಎಲ್ಲ ಮತ್ತೆ ಮೊದಲಿಂದ. ಲೂಪ್ ತೆಗೆದು ಪೂರ್ತಿ ಪಟ್ಟಿಯನ್ನೇ ಆ ಮಾಡ್ಯೂಲ್‌ನ ನೇಮ್‌ಗೆ ಕೊಡಿ, ಒಂದೇ ಸಲಕ್ಕೆ ಮುಗಿಯುತ್ತದೆ. ಕ್ಯಾಶ್ ವ್ಯಾಲಿಡ್ ಟೈಮ್ (cache_valid_time) 3600 ಸೆಕೆಂಡ್ ಇಡಿ. ಗಂಟೆಯೊಳಗೆ ಮತ್ತೆ ಓಡಿಸಿದರೆ ಸುಮ್ನೆ ಪ್ಯಾಕೇಜ್ ಪಟ್ಟಿ ಅಪ್‌ಡೇಟ್ ಮಾಡುತ್ತಾ ಕೂರುವುದಿಲ್ಲ.

ಆಮೇಲೆ ಫೋರ್ಕ್ಸ್, ಅಂದರೆ ಒಮ್ಮೆಗೆ ಎಷ್ಟು ಸರ್ವರ್‌ಗಳ ಮೇಲೆ ಕೆಲಸ ನಡೆಯಬೇಕು ಎಂಬ ಸೆಟ್ಟಿಂಗ್. ನೀವು ಮುಟ್ಟದಿದ್ದರೆ ಅದು 5. ಅಂದರೆ ನಲವತ್ತು ಸರ್ವರ್‌ಗಳು ಪ್ರತಿ ಟಾಸ್ಕ್‌ಗೂ ಐದೈದರಂತೆ ಸರದಿಯಲ್ಲಿ ನಿಲ್ಲುತ್ತವೆ. 20ಕ್ಕೆ ಏರಿಸಿ ನೋಡಿ. ಒಂದೊಂದು ಫೋರ್ಕ್ ಕೂಡ ಕಂಟ್ರೋಲ್ ಮೆಷಿನ್‌ನಲ್ಲಿ ಓಡುವ ಒಂದು ಪೈಥಾನ್ ಪ್ರೋಸೆಸ್, ಹಾಗಾಗಿ ಸಿಪಿಯು, ಮೆಮೊರಿ ಮೇಲೆ ಕಣ್ಣಿಟ್ಟಿರಿ. ರ‍್ಯಾಮ್ ಸಾಲದಿದ್ದರೆ ಗೊತ್ತಾಗುವುದು ಇಲ್ಲೇ.

ನನ್ನ ಪ್ರಕಾರ ಎಲ್ಲರೂ ಆನ್ ಮಾಡಲೇಬೇಕಾದದ್ದು ಪೈಪ್‌ಲೈನಿಂಗ್. ಅದಿಲ್ಲದಿದ್ದರೆ ಪ್ರತಿ ಟಾಸ್ಕ್‌ಗೂ ಸರ್ವರ್‌ನಲ್ಲಿ ಟೆಂಪ್ ಫೋಲ್ಡರ್ ಮಾಡಿ, ಮಾಡ್ಯೂಲ್ ಕಾಪಿ ಮಾಡಿ, ಓಡಿಸಿ, ಅಳಿಸುತ್ತದೆ. ಆನ್ ಇದ್ದರೆ ಹೆಚ್ಚಿನ ಮಾಡ್ಯೂಲ್‌ಗಳು ಎಸ್‌ಎಸ್‌ಎಚ್ ಸಂಪರ್ಕದ ಮೂಲಕ ಸೀದಾ ಪೈಥಾನ್‌ಗೇ ಹೋಗುತ್ತವೆ. ಸರ್ವರ್ ದೂರ ಇದ್ದಷ್ಟೂ ಲಾಭ ಜಾಸ್ತಿ. ಒಂದೇ ಷರತ್ತು: ಸುಡೋ ಅನುಮತಿಗಳ ಫೈಲ್ ಆದ ಸುಡೋಯರ್ಸ್‌ನಲ್ಲಿ ರಿಕ್ವೈರ್‌ಟಿಟಿವೈ (requiretty, ಟರ್ಮಿನಲ್ ಇದ್ದರೆ ಮಾತ್ರ ಸುಡೋ ಬಿಡುವ ಸೆಟ್ಟಿಂಗ್) ಇರಬಾರದು.

ಫ್ಯಾಕ್ಟ್ಸ್ (ಪ್ರತಿ ಸರ್ವರ್‌ನ ಓಎಸ್, ಐಪಿ ಮುಂತಾದ ವಿವರ) ಬಳಸದ ಪ್ಲೇಗಳಲ್ಲಿ (ಪ್ಲೇಬುಕ್‌ನ ಭಾಗಗಳಲ್ಲಿ) ಗ್ಯಾದರ್ ಫ್ಯಾಕ್ಟ್ಸ್ ಆಫ್ ಮಾಡಿ. ಬಳಸುತ್ತಿದ್ದರೆ ಗ್ಯಾದರಿಂಗ್ ಸ್ಮಾರ್ಟ್ ಇಟ್ಟು, ಒಮ್ಮೆ ಕಲೆಹಾಕಿದ್ದು ಉಳಿಯುವಂತೆ ಜೇಸನ್ ಫೈಲ್ ಕ್ಯಾಶ್ ಹಾಕಿ.

ಪ್ರತಿ ಸರ್ವರ್ ತನ್ನ ಪಾಡಿಗೆ ಮುಂದಿನ ಟಾಸ್ಕ್‌ಗೆ ಹೋಗುವ ಫ್ರೀ ಸ್ಟ್ರಾಟೆಜಿ ಹಾಕಿ ಅಂತ ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಹೇಳಿದ್ದಾರೆ. ಒಂದು ಸರ್ವರ್ ನಿಧಾನವಾಗಿದ್ದರೆ ಉಳಿದವು ಕಾಯಬೇಕಿಲ್ಲ, ಅದು ನಿಜ. ಆದರೆ ನಿಮ್ಮಲ್ಲಿ ಡೇಟಾಬೇಸ್ ಎದ್ದ ಮೇಲೆ ಆ್ಯಪ್ ಸರ್ವರ್ ಏಳಬೇಕು, ಅಲ್ವಾ? ಎರಡೂ ಒಂದೇ ಪ್ಲೇನಲ್ಲಿದ್ದರೆ ಫ್ರೀಯಲ್ಲಿ ಆ ಕ್ರಮ ಉಳಿಯುವುದಿಲ್ಲ. ನಾನಾದರೆ ಹಾಕುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಲೂಪ್ ಸರಿಮಾಡಿ, ಪೈಪ್‌ಲೈನಿಂಗ್ ಆನ್ ಮಾಡಿ, ಮತ್ತೆ ಓಡಿಸಿ, ಸಮಯದ ಪಟ್ಟಿಯ ಮೇಲಿನ ಐದಾರು ಸಾಲು ಇಲ್ಲೇ ಹಾಕಿ. ಮುಂದೆ ಯಾವುದಕ್ಕೆ ಕೈ ಹಾಕಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.